ಬೋಟಿನ ಕ್ಯಾಬಿನ್‌ನಲ್ಲಿ ಲ್ಯಾಪ್‌ಟಾಪ್, ಹೊರಗೆ ವೈಫೈ ಪರದೆ: ರಾತ್ರಿ ದಾರಿಗೆ ಇದನ್ನು ನಂಬಬಹುದಾ?

ಪಡುಕಡಲು (ಗಂಗೊಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯದ್ದು ಒಂದು ಟ್ರಾಲ್ ಬೋಟು, ಚಿಕ್ಕಪ್ಪನೇ ತಾಂಡೇಲ, ಅಂದರೆ ಬೋಟು ನಡೆಸುವವರು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆಗೆ ರಜೆ ಅಲ್ವಾ, ಈ ಸಮಯದಲ್ಲಿ ಬೋಟಿನ ವಯರಿಂಗ್ ಕೆಲಸ ಮುಗಿಸಬೇಕು ಅಂತಿದ್ದೇನೆ.

ಈಗ ಇರುವ ಜಿಪಿಎಸ್ ಚೆನ್ನಾಗಿಯೇ ಇದೆ. ಆದರೆ ಪರದೆ ಅಂಗೈಯಷ್ಟು. ಕ್ಯಾಬಿನ್ ಒಳಗೆ ನಿಂತವರಿಗೆ ಮಾತ್ರ ಕಾಣುತ್ತದೆ. ಬಲೆ ಎಳೆಯುವಾಗ ಚಿಕ್ಕಪ್ಪ ವಿಂಚಿನ ಹತ್ತಿರ ಇರುತ್ತಾರೆ. ಬೋಟು ಎಷ್ಟು ಸರಿಯಿತು, ಕಲ್ಲಿನ ಜಾಗ ಎಷ್ಟು ದೂರ ಅಂತ ಒಳಗಿನಿಂದ ಒಬ್ಬರು ಕೂಗಿ ಹೇಳಬೇಕು.

ಮನೆಯಲ್ಲಿ ಒಂದು ಹಳೆ ಲ್ಯಾಪ್‌ಟಾಪ್ ಇದೆ. ಅದನ್ನು ಒಳಗಿಟ್ಟು, ನಕ್ಷೆ ಹಾಕಿ, ಹೊರಗೆ ಇನ್ನೊಂದು ಪರದೆಗೆ ವಯರ್ ಇಲ್ಲದೆ ತೋರಿಸಬಹುದಾ? ವಯರ್ ಎಳೆದರೆ ಹಗ್ಗಕ್ಕೆ ಸಿಕ್ಕಿ ಒಂದು ವಾರವೂ ಉಳಿಯುವುದಿಲ್ಲ. ಬೋಟಿನಲ್ಲಿ 12 ವೋಲ್ಟ್ ಬ್ಯಾಟರಿ. ಹತ್ತಿರದ ಹಡಗುಗಳನ್ನು ತೋರಿಸುವ ಎಐಎಸ್ ಕೂಡ ಸೇರಿಸುವ ಆಸೆ ಇದೆ.

ಚಿಕ್ಕಪ್ಪ ಬೇಡ ಅಂತ ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು. "ಮಧ್ಯರಾತ್ರಿ ಇದು ನಿಂತುಹೋದ್ರೆ ಏನು ಮಾಡ್ತಿ?" ಅದಕ್ಕೆ ಸರಿಯಾದ ಉತ್ತರ ಬೇಕು. ಗೊತ್ತಿದ್ದವರು ಹೇಳಿ.

ಕೋಡ್‌ಮನೆ (ಬೆಂಗಳೂರು)

ಇದು ಸುಲಭದ ಕೆಲಸ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ವಯರ್ ಇಲ್ಲದೆ ಪರದೆ ತೋರಿಸುವ ಮಿರಾಕಾಸ್ಟ್ ಸಾಮಾನ್ಯವಾಗಿ ಇರುತ್ತದೆ. ಹೊರಗಿನ ಪರದೆಗೆ ಒಂದು ಡಾಂಗಲ್ ಚುಚ್ಚಿದರೆ ಆಯಿತು. ಒಳಗೆ ಕಾಣುವುದೆಲ್ಲ ಹೊರಗೂ ಹಾಗೇ ಕಾಣುತ್ತದೆ. ಇಂಟರ್ನೆಟ್ ಬೇಡ, ರೂಟರ್ ಕೂಡ ಬೇಡ. ನಕ್ಷೆಗೆ ಓಪನ್‌ಸಿಪಿಎನ್ ಹಾಕಿ. ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಯುಎಸ್‌ಬಿ ಜಿಪಿಎಸ್ ಒಂದು ತಗೊಂಡರೆ ಮುಗಿಯಿತು.

ಹಾಯಿಗಾಳಿ (ನೆದರ್‌ಲ್ಯಾಂಡ್ಸ್)

ಕೋಡ್‌ಮನೆ ಅವರೇ, ಓಪನ್‌ಸಿಪಿಎನ್ ಬಗ್ಗೆ ನನ್ನದೂ ಅದೇ ಮಾತು. ಆದರೆ ಮಿರಾಕಾಸ್ಟ್ ಬಗ್ಗೆ ಒಪ್ಪಲಾರೆ. ಕಾರಣ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಗಂಗೊಳ್ಳಿಯವರ ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ನಾನು ಇಲ್ಲಿ ವಾಡೆನ್ ಸಮುದ್ರದಲ್ಲಿ ಸಣ್ಣ ಹಾಯಿದೋಣಿ ಓಡಿಸುತ್ತೇನೆ. ನೀರು ಇಳಿದಾಗ ಮೈಲುಗಟ್ಟಲೆ ಕೆಸರು ಮೇಲೇಳುವ ಜಾಗ ಅದು. ದಾರಿ ತಪ್ಪಿದರೆ ಆರು ಗಂಟೆ ಕೆಸರಲ್ಲೇ ಕೂರಬೇಕು. ಹಾಗಾಗಿ ಹೊರಗಿನ ಪರದೆ ಇಲ್ಲಿ ಎಲ್ಲರಿಗೂ ಬೇಕು.

ಮಿರಾಕಾಸ್ಟ್ ಮಾಡುವುದು ಚಿತ್ರ ಸಾಗಿಸುವ ಕೆಲಸ. ಲ್ಯಾಪ್‌ಟಾಪ್ ನಕ್ಷೆ ಬಿಡಿಸುತ್ತದೆ, ಅದನ್ನು ವಿಡಿಯೋ ಮಾಡಿ ಗಾಳಿಯಲ್ಲಿ ಕಳಿಸುತ್ತದೆ. ಸೆಕೆಂಡಿಗೆ ಹಲವು ಮೆಗಾಬಿಟ್ ಹೋಗಬೇಕು. ನಡುವೆ ಜನ ನಿಂತರೆ, ಕಬ್ಬಿಣದ ಬಾಗಿಲು ಮುಚ್ಚಿದರೆ ಚಿತ್ರ ತಡೆಯುತ್ತದೆ. ಮುಖ್ಯವಾಗಿ, ಲ್ಯಾಪ್‌ಟಾಪ್ ನಿಂತ ಕ್ಷಣವೇ ಹೊರಗಿನ ಪರದೆಯೂ ಕಪ್ಪು. ಪರದೆ ಎರಡು ಇದ್ದರೂ ನಿಮ್ಮ ಹತ್ತಿರ ಇರುವುದು ಒಂದೇ ಯಂತ್ರ. ಇನ್ನೂ ಕೆಟ್ಟದ್ದು ಏನು ಗೊತ್ತಾ? ಕೆಲವೊಮ್ಮೆ ಪರದೆ ಕಪ್ಪಾಗುವುದಿಲ್ಲ, ಕೊನೆಯ ಚಿತ್ರ ಹಾಗೇ ನಿಂತಿರುತ್ತದೆ. ಬೋಟು ಮುಂದೆ ಹೋಗಿರುತ್ತದೆ, ಪರದೆಯ ಮೇಲಿನ ಬೋಟು ಅಲ್ಲೇ ಇರುತ್ತದೆ. ರಾತ್ರಿ ಅದನ್ನು ಕಂಡುಹಿಡಿಯೋದು ಕಷ್ಟ.

ಚಿತ್ರ ಕಳಿಸಬೇಡಿ. ಅಂಕಿ ಕಳಿಸಿ.

ಜಿಪಿಎಸ್ ಹೊರಗೆ ಕೊಡುವುದು ಬರೀ ಅಕ್ಷರದ ಸಾಲುಗಳು. ಎನ್‌ಎಂಇಎ 0183 ಅನ್ನುವ ಹಳೆ ಪದ್ಧತಿ. ವೇಗ ಸೆಕೆಂಡಿಗೆ 4800 ಬಿಟ್ ಅಷ್ಟೇ. ಎಐಎಸ್‌ಗೆ 38400. ವಿಡಿಯೋ ಮುಂದೆ ಇದು ಏನೂ ಅಲ್ಲ. ಈ ಸಾಲುಗಳನ್ನು ವೈಫೈ ಮೇಲೆ ಹಂಚಿದರೆ, ಹೊರಗಿನ ಟ್ಯಾಬ್ಲೆಟ್ ತನ್ನದೇ ನಕ್ಷೆಯ ಮೇಲೆ ತಾನೇ ಬೋಟನ್ನು ತೋರಿಸುತ್ತದೆ. ಓಪನ್‌ಸಿಪಿಎನ್‌ನಲ್ಲಿ ಯುಡಿಪಿ (ವೈಫೈ ಮೇಲೆ ಸಾಲು ಹಂಚುವ ಒಂದು ರೀತಿ) ಅಂತ ಆರಿಸಿ, ಪೋರ್ಟ್ 10110 ಹಾಕಿದರೆ ಸಾಕು. ಈ ಕೆಲಸಕ್ಕೇ ಮೀಸಲಿಟ್ಟ ಸಂಖ್ಯೆ ಅದು.

ಈಗ ಲ್ಯಾಪ್‌ಟಾಪ್ ನಿಂತರೆ? ಟ್ಯಾಬ್ಲೆಟ್‌ನಲ್ಲಿ ನಕ್ಷೆ ಇದೆ, ಅದರೊಳಗೇ ಜಿಪಿಎಸ್ ಇದೆ. ಮೂಲ ಬದಲಿಸಿದರೆ ಮತ್ತೆ ದಾರಿ ಕಾಣುತ್ತದೆ. ಟ್ಯಾಬ್ಲೆಟ್ ನಿಂತರೆ ಒಳಗೆ ಲ್ಯಾಪ್‌ಟಾಪ್ ಇದೆ. ಎರಡೂ ನಿಂತರೆ ನಿಮ್ಮ ಹಳೆ ಜಿಪಿಎಸ್ ಇದ್ದೇ ಇದೆ. ಅದನ್ನು ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ.

ಕೋಡ್‌ಮನೆ (ಬೆಂಗಳೂರು)

ಒಪ್ಪಿದೆ. ನಾನು ಆಫೀಸಿನ ಮೀಟಿಂಗ್ ರೂಮಿನ ಲೆಕ್ಕದಲ್ಲಿ ಯೋಚಿಸಿದ್ದೆ. ಹಾಗಿದ್ದರೆ ಲ್ಯಾಪ್‌ಟಾಪ್ ಬದಲು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಯಾಕಾಗಬಾರದು? ಓಪನ್‌ಪ್ಲಾಟರ್ ಅಂತ ಇದಕ್ಕೇ ಮಾಡಿದ ತಂತ್ರಾಂಶ ಇದೆ, ಅದರಲ್ಲಿ ಬೋಟಿನ ಅಂಕಿಗಳನ್ನು ಹಂಚುವ ಸಿಗ್ನಲ್ ಕೆ ಸರ್ವರ್ ಕೂಡ ಬರುತ್ತದೆ. ಪೈ ತಾನೇ ವೈಫೈ ಕೊಡುತ್ತದೆ. ಬೋಟಿನ ಎಲ್ಲ ಫೋನ್‌ಗಳೂ ಅದಕ್ಕೆ ಸೇರಬಹುದು.

ದಕ್ಕೆ ವಯರ್‌ಮ್ಯಾನ್ (ಮಂಗಳೂರು)

ನಾನು ಬೋಟುಗಳಿಗೆ ಜಿಪಿಎಸ್, ಫಿಶ್ ಫೈಂಡರ್, ವಿಎಚ್‌ಎಫ್ ರೇಡಿಯೋ ಕೂರಿಸುವ ಕೆಲಸದವನು. ತಂತ್ರಾಂಶ ನಿಮಗೆ ಬಿಟ್ಟೆ. ಕರೆಂಟಿನ ಮಾತು ನನ್ನದು. ಹತ್ತರಲ್ಲಿ ಎಂಟು ಸಲ ಇದು ನಿಂತುಹೋಗುವುದು ಕರೆಂಟಿನಿಂದಲೇ ಮಾರಾಯ್ರೆ.

ಲ್ಯಾಪ್‌ಟಾಪ್ 40 ವಾಟ್ ತಿನ್ನುತ್ತದೆ ಅಂದುಕೊಳ್ಳಿ. 12 ವೋಲ್ಟಿನಲ್ಲಿ ಅದು 3.3 ಆಂಪಿಯರ್. ಇಂಜಿನ್ ನಿಲ್ಲಿಸಿ ಹತ್ತು ಗಂಟೆ ಇಟ್ಟರೆ 33 ಆಂಪಿಯರ್ ಅವರ್. 100ರ ಲೆಡ್ ಬ್ಯಾಟರಿಯಲ್ಲಿ ಅರ್ಧದಷ್ಟು ಮಾತ್ರ ಖಾಲಿ ಮಾಡಬೇಕು, ಇಲ್ಲದಿದ್ದರೆ ಬ್ಯಾಟರಿ ಬೇಗ ಸಾಯುತ್ತದೆ. ಅಂದರೆ ನಿಮ್ಮ ಹತ್ತಿರ ಇರುವುದು 50. ದೀಪ, ವಿಎಚ್‌ಎಫ್, ಫಿಶ್ ಫೈಂಡರ್ ಎಲ್ಲ ಅದರಲ್ಲೇ ಆಗಬೇಕು. ಪೈ ಮತ್ತು ಒಂದು ಸಣ್ಣ ಪರದೆ ಸೇರಿ ಹತ್ತು ವಾಟ್ ಆಸುಪಾಸು. ಲೆಕ್ಕ ನೀವೇ ಹಾಕಿ.

ಇನ್ವರ್ಟರ್ ಇಟ್ಟು 230 ಮಾಡಿ, ಮತ್ತೆ ಚಾರ್ಜರ್‌ನಲ್ಲಿ 19ಕ್ಕೆ ಇಳಿಸುವ ಕೆಲಸ ಬೇಡ. ಎರಡು ಕಡೆ ನಷ್ಟ. 12 ವೋಲ್ಟಿನಿಂದ ನೇರ ಲ್ಯಾಪ್‌ಟಾಪ್‌ಗೆ ಕೊಡುವ ಡಿಸಿ ಚಾರ್ಜರ್ ಸಿಗುತ್ತದೆ. ಹೊಸ ಲ್ಯಾಪ್‌ಟಾಪ್ ಆದರೆ ಟೈಪ್‌-ಸಿ ಪಿಡಿ ಚಾರ್ಜರ್ ಸಾಕು.

ಇಂಜಿನ್ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಒಂದು ಕ್ಷಣ 9ಕ್ಕೋ ಅದಕ್ಕೂ ಕೆಳಗೋ ಬೀಳುತ್ತದೆ. ಲ್ಯಾಪ್‌ಟಾಪ್‌ಗೆ ಸ್ವಂತ ಬ್ಯಾಟರಿ ಇದೆ, ತಡೆದುಕೊಳ್ಳುತ್ತದೆ. ಪೈಗೆ ಇಲ್ಲ. ಅದು ಆಫ್ ಆಗಿ ಮತ್ತೆ ಏಳುತ್ತದೆ. ಹೀಗೆ ಪದೇಪದೇ ಆದರೆ ಮೆಮೊರಿ ಕಾರ್ಡ್ ಕೆಡುತ್ತದೆ, ಒಂದು ದಿನ ಏಳುವುದೇ ಇಲ್ಲ. ಪೈ ಇಡುವವರು ಸ್ಟಾರ್ಟಿಂಗ್ ಬ್ಯಾಟರಿಯಿಂದ ಬೇರೆ ಬ್ಯಾಟರಿಗೆ ಹಾಕಿ. ಅದು ಆಗದಿದ್ದರೆ ವೋಲ್ಟೇಜ್ 9ಕ್ಕಿಂತ ಕೆಳಗೆ ಬಿದ್ದರೂ ತಡೆಯುವ ಕನ್ವರ್ಟರ್ ತಗೊಳ್ಳಿ. ಕಾರ್ಡಿನ ಒಂದು ನಕಲು ಪ್ಲಾಸ್ಟಿಕ್ ಚೀಲದಲ್ಲಿ ಬೋಟಿನಲ್ಲೇ ಇರಲಿ.

ಇನ್ನೊಂದು ವಿಷಯ ತುಂಬ ಜನ ಗಮನಿಸುವುದಿಲ್ಲ. ಅಗ್ಗದ ಚಾರ್ಜರ್‌ಗಳು ರೇಡಿಯೋ ಗದ್ದಲ ಹುಟ್ಟಿಸುತ್ತವೆ. ವಿಎಚ್‌ಎಫ್ 16ನೇ ಚಾನೆಲ್ 156.8 ಮೆಗಾಹರ್ಟ್ಸ್, ಎಐಎಸ್ 161.975 ಮತ್ತು 162.025. ಗದ್ದಲ ಸರಿಯಾಗಿ ಅಲ್ಲೇ ಬೀಳುತ್ತದೆ. ಲ್ಯಾಪ್‌ಟಾಪ್ ಚೆನ್ನಾಗಿ ನಡೆಯುತ್ತಿರುತ್ತದೆ, ಆದರೆ ದೂರದ ಬೋಟಿನವರು ಕರೆದರೆ ನಿಮಗೆ ಕೇಳುವುದಿಲ್ಲ. ಪರೀಕ್ಷೆ ಸುಲಭ. ವಿಎಚ್‌ಎಫ್‌ನ ಸ್ಕ್ವೆಲ್ಚ್ (ಗದ್ದಲ ತಡೆಯುವ ಗುಂಡಿ) ತಿರುಗಿಸಿ, ಸರ್ರ್ ಶಬ್ದ ನಿಲ್ಲುವ ಜಾಗಕ್ಕೆ ತನ್ನಿ. ಈಗ ಚಾರ್ಜರ್ ಹಾಕಿ. ಶಬ್ದ ಮತ್ತೆ ಶುರುವಾದರೆ ಆ ಚಾರ್ಜರ್ ಬೋಟಿಗೆ ಬೇಡ. ಎಲ್‌ಇಡಿ ದೀಪಗಳಿಗೂ ಇದೇ ಪರೀಕ್ಷೆ ಮಾಡಿ.

ಪಡುಕಡಲು (ಗಂಗೊಳ್ಳಿ)

ಅಣ್ಣ, ಇಷ್ಟು ವಿವರ ಯಾರೂ ಹೇಳಿರಲಿಲ್ಲ. ತುಂಬ ಉಪಕಾರ. ಲ್ಯಾಪ್‌ಟಾಪ್ ಮನೆಯಲ್ಲೇ ಇರುವುದರಿಂದ ಮೊದಲು ಅದರಲ್ಲೇ ಶುರು ಮಾಡುತ್ತೇನೆ. ಯುಎಸ್‌ಬಿ ಜಿಪಿಎಸ್ ನಿನ್ನೆ ಬಂತು. ಚುಚ್ಚಿದ ಕೂಡಲೇ ಮೌಸ್ ಹುಚ್ಚೆದ್ದ ಹಾಗೆ ಪರದೆ ತುಂಬ ಓಡುತ್ತಿದೆ, ತಾನಾಗೇ ಕ್ಲಿಕ್ ಆಗುತ್ತಿದೆ. ಜಿಪಿಎಸ್ ಹಾಳಾಗಿದೆಯಾ?

ಹಾಯಿಗಾಳಿ (ನೆದರ್‌ಲ್ಯಾಂಡ್ಸ್)

ಹಾಳಾಗಿಲ್ಲ, ಹೆದರಬೇಡಿ. ವಿಂಡೋಸ್ ಹಳೆ ಕಾಲದ ಸೀರಿಯಲ್ ಮೌಸ್ ಅಂದುಕೊಂಡು ಜಿಪಿಎಸ್ ಸಾಲುಗಳನ್ನು ಓದುತ್ತಿದೆ. ಡಿವೈಸ್ ಮ್ಯಾನೇಜರ್ ತೆರೆದು, ಮೌಸ್‌ಗಳ ಪಟ್ಟಿಯಲ್ಲಿ 'ಮೈಕ್ರೋಸಾಫ್ಟ್ ಸೀರಿಯಲ್ ಬಾಲ್‌ಪಾಯಿಂಟ್' ಅಂತ ಇರುತ್ತದೆ. ಅದನ್ನು ಡಿಸೇಬಲ್ ಮಾಡಿ. ತೆಗೆದುಹಾಕಿದರೆ ಮತ್ತೆ ಬರುತ್ತದೆ, ಡಿಸೇಬಲ್ಲೇ ಮಾಡಬೇಕು.

ಜೊತೆಗೆ ಅಪ್‌ಡೇಟ್ ನಿಲ್ಲಿಸಿ, ಸ್ಲೀಪ್ ನಿಲ್ಲಿಸಿ. ನಡುರಾತ್ರಿ ಲ್ಯಾಪ್‌ಟಾಪ್ ತಾನಾಗೇ ರೀಸ್ಟಾರ್ಟ್ ಆಗುವುದು ಬೇಡ. ಆ ಲ್ಯಾಪ್‌ಟಾಪ್‌ನಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಬದಲಿಸಿ ಎಸ್‌ಎಸ್‌ಡಿ ಹಾಕಿಸಿ. ಇಂಜಿನ್ ನಡುಕಕ್ಕೆ ಹಾರ್ಡ್ ಡಿಸ್ಕ್ ಬಹಳ ದಿನ ಬಾಳುವುದಿಲ್ಲ.

ಟ್ಯಾಬ್ಲೆಟ್ ತಗೊಳ್ಳುವಾಗ ಒಂದು ನೋಡಿ. ಐಪ್ಯಾಡ್‌ಗಳಲ್ಲಿ ವೈಫೈ ಮಾತ್ರ ಇರುವ ಮಾದರಿಗೆ ಜಿಪಿಎಸ್ ಇಲ್ಲ, ಸಿಮ್ ಹಾಕುವ ಮಾದರಿಗೆ ಮಾತ್ರ ಇದೆ. ಐಪ್ಯಾಡ್‌ಗೆ ಓಪನ್‌ಸಿಪಿಎನ್ ಕೂಡ ಸಿಗುವುದಿಲ್ಲ. ನಿಮ್ಮ ಕೆಲಸಕ್ಕೆ ಆಂಡ್ರಾಯ್ಡ್ ಸಾಕು, ಅದರಲ್ಲಿ ಜಿಪಿಎಸ್ ಇದೆಯಾ ಅಂತ ಕೇಳಿಯೇ ತಗೊಳ್ಳಿ.

ಇನ್ನೂ ಒಂದು ಕಿರಿಕಿರಿ ಬರುತ್ತದೆ. ಬೋಟಿನ ವೈಫೈನಲ್ಲಿ ಇಂಟರ್ನೆಟ್ ಇರುವುದಿಲ್ಲ. ಸಿಮ್ ಇರುವ ಫೋನ್, ಟ್ಯಾಬ್ಲೆಟ್ ಅದನ್ನು ನೋಡಿ 'ಇದು ಕೆಲಸಕ್ಕೆ ಬಾರದ ವೈಫೈ' ಅಂತ ಬಿಟ್ಟು ಮೊಬೈಲ್ ಡೇಟಾಕ್ಕೆ ಹೋಗುತ್ತವೆ. ದಡದ ಹತ್ತಿರ ಟವರ್ ಸಿಗುವಾಗಲೇ ಹೀಗಾಗುವುದು, ಅಂದರೆ ಅಳಿವೆ ದಾಟುವ ಹೊತ್ತಿಗೆ. ಮೊದಲ ಸಲ ಸೇರಿಸುವಾಗ 'ಇಂಟರ್ನೆಟ್ ಇಲ್ಲದಿದ್ದರೂ ಇದರಲ್ಲೇ ಇರು' ಅನ್ನುವ ಆಯ್ಕೆ ಕೇಳುತ್ತದೆ, ಅದನ್ನು ಒತ್ತಿ. ಇಲ್ಲವೇ ಮೊಬೈಲ್ ಡೇಟಾ ಆಫ್ ಮಾಡಿಡಿ.

ಮೂರನೇ ಮೇಟ್ (ಸರಕು ಹಡಗು)

ನಾನು ಹಡಗಿನ ಬ್ರಿಜ್ ಮೇಲೆ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ ಕೆಲಸ ಮಾಡುವವಳು, ಊರು ಹೊನ್ನಾವರ. ದೊಡ್ಡ ಹಡಗುಗಳಿಗೆ ಇಸಿಡಿಐಎಸ್ ಅನ್ನುವ ವಿದ್ಯುನ್ಮಾನ ನಕ್ಷೆ 2012ರಿಂದ 2018ರ ನಡುವೆ ಹಂತಹಂತವಾಗಿ ಕಡ್ಡಾಯ ಆಯಿತು. ಅದಕ್ಕೆ ಬದಲಿ ವ್ಯವಸ್ಥೆ ಇರಲೇಬೇಕು ಅಂತ ನಿಯಮ. ನಿಮ್ಮ ಚಿಕ್ಕಪ್ಪ ಕೇಳಿದ ಪ್ರಶ್ನೆಯನ್ನೇ ಅಂತರರಾಷ್ಟ್ರೀಯ ನಿಯಮವೂ ಕೇಳುತ್ತದೆ.

ಆದರೆ ಯಂತ್ರ ನಿಲ್ಲುವುದಕ್ಕಿಂತ ನನಗೆ ಹೆಚ್ಚು ಭಯ ಇನ್ನೊಂದರ ಬಗ್ಗೆ. ಯಂತ್ರ ಸರಿಯಾಗಿ ನಡೆಯುತ್ತಿರುತ್ತದೆ, ನಕ್ಷೆಯೂ ಸರಿ ಇರುತ್ತದೆ, ಆದರೂ ಬೋಟು ಕಲ್ಲಿಗೆ ಹೋಗುತ್ತದೆ. 2014ರ ನವೆಂಬರ್ 29ರಂದು ಹೀಗೇ ಆಯಿತು. ವೋಲ್ವೋ ಓಷನ್ ರೇಸ್‌ನಲ್ಲಿ ಕೇಪ್‌ಟೌನ್‌ನಿಂದ ಅಬುಧಾಬಿ ಕಡೆ ಹೊರಟಿದ್ದ 'ಟೀಮ್ ವೆಸ್ಟಾಸ್ ವಿಂಡ್' ಹಾಯಿದೋಣಿ, ನಮ್ಮದೇ ಹಿಂದೂ ಮಹಾಸಾಗರದಲ್ಲಿ, ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಡೋಸ್ ಕರಾಜೋಸ್ ಹವಳದ ದಿಬ್ಬಕ್ಕೆ ರಾತ್ರಿ ಪೂರ್ತಿ ವೇಗದಲ್ಲಿ ಬಡಿಯಿತು. ಜಗತ್ತಿನ ಒಳ್ಳೆಯ ನಾವಿಕರು ಅದರಲ್ಲಿದ್ದರು. ಲ್ಯಾಪ್‌ಟಾಪ್ ನಕ್ಷೆ ದೂರದ ನೋಟದಲ್ಲಿತ್ತು. ಆ ನೋಟದಲ್ಲಿ ಅಲ್ಲಿ ಸುಮಾರು 40 ಮೀಟರ್ ಆಳ ಇರುವ ಹಾಗೆ ಕಾಣುತ್ತಿತ್ತು. ಹತ್ತಿರ ಎಳೆದು ನೋಡಿದರೆ ಮಾತ್ರ ದಿಬ್ಬ ಕಾಣುವುದು. ಒಂಬತ್ತೂ ಜನ ಬದುಕಿದರು, ದೋಣಿಗೆ ಭಾರಿ ಹಾನಿಯಾಯಿತು.

ಸಣ್ಣ ಪರದೆಯಲ್ಲಿ ಈ ಅಪಾಯ ಜಾಸ್ತಿ. ಇಡೀ ದಾರಿ ಕಾಣಲಿ ಅಂತ ನಾವೇ ದೂರಕ್ಕೆ ಎಳೆದಿರುತ್ತೇವೆ. ಹೊರಡುವ ಮೊದಲು ದಡದಲ್ಲಿ ಕೂತು, ಹೋಗುವ ಗೆರೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹತ್ತಿರದ ನೋಟದಲ್ಲಿ ನೋಡಿಕೊಂಡು ಬನ್ನಿ. ನಿಮ್ಮ ಕಡೆ ನೇತ್ರಾಣಿ, ಮಲ್ಪೆ ಎದುರಿನ ಸೇಂಟ್ ಮೇರೀಸ್ ಸುತ್ತ ಕಲ್ಲುಗಳಿವೆ. ನಿಮಗೆ ಅವು ಬಾಯಿಪಾಠ ಇರಬಹುದು, ಹೊಸದಾಗಿ ಚುಕ್ಕಾಣಿ ಹಿಡಿಯುವ ಹುಡುಗನಿಗೆ ಇರುವುದಿಲ್ಲ.

ನಕ್ಷೆ ಎಲ್ಲಿಂದ ಬಂತು ಅಂತಲೂ ನೋಡಿ. ನಮ್ಮ ದೇಶದ ಅಧಿಕೃತ ಸಮುದ್ರ ನಕ್ಷೆ ಮಾಡುವುದು ಡೆಹ್ರಾಡೂನ್‌ನ ರಾಷ್ಟ್ರೀಯ ಜಲಮಾಪನ ಕಚೇರಿ. ಹಳೆ ಕಾಗದದ ನಕ್ಷೆ ಸ್ಕ್ಯಾನ್ ಮಾಡಿ ಹಾಕುವವರಿದ್ದಾರೆ. ಹಳೆಯವು ಎವರೆಸ್ಟ್ ಡೇಟಮ್ (ಅಳತೆಗೆ ಆಧಾರವಾದ ಮಾನ) ಮೇಲೆ ಇರಬಹುದು, ಜಿಪಿಎಸ್ ಕೊಡುವುದು ಡಬ್ಲ್ಯುಜಿಎಸ್ 84. ಎರಡರ ನಡುವೆ ನೂರು ಮೀಟರಿಗೂ ಹೆಚ್ಚು ವ್ಯತ್ಯಾಸ ಬರಬಹುದು. ನಕ್ಷೆಯ ಅಂಚಿನಲ್ಲಿ ಅದನ್ನು ಬರೆದಿರುತ್ತಾರೆ.

ಪಡುಕಡಲು (ಗಂಗೊಳ್ಳಿ)

ಅಕ್ಕ, ನಮ್ಮಲ್ಲಿ ದೊಡ್ಡ ಕಷ್ಟ ಅಳಿವೆ ಬಾಗಿಲು. ಪ್ರತಿ ಮಳೆಗಾಲ ಮರಳು ಜಾಗ ಬದಲಿಸುತ್ತದೆ. ಹೋದ ವರ್ಷದ ದಾರಿ ಈ ವರ್ಷ ಇರುವುದಿಲ್ಲ. ನಕ್ಷೆ ಅದನ್ನು ಹೇಗೆ ತೋರಿಸಲು ಸಾಧ್ಯ?

ಮೂರನೇ ಮೇಟ್ (ಸರಕು ಹಡಗು)

ತೋರಿಸುವುದಿಲ್ಲ. ಹೊನ್ನಾವರದಲ್ಲೂ ಇದೇ ಕಥೆ. ಅಳಿವೆಯಲ್ಲಿ ನಕ್ಷೆಯ ಆಳ ನಂಬಲೇಬಾರದು. ಅಲ್ಲಿ ಫಿಶ್ ಫೈಂಡರ್ ಹೇಳುವ ಆಳ, ಅಲೆ ಒಡೆಯುವ ಜಾಗ, ಮುಂದೆ ಹೋಗುವ ಬೋಟು, ತಾಂಡೇಲನ ಕಣ್ಣು. ಇಷ್ಟೇ.

ಆದರೆ ಲ್ಯಾಪ್‌ಟಾಪ್ ಇಲ್ಲಿ ಬೇರೆ ರೀತಿ ಸಹಾಯ ಮಾಡುತ್ತದೆ. ಆಗಸ್ಟ್‌ನಲ್ಲಿ ಮೊದಲ ಸಲ ಹಗಲು, ಭರತದ ಹೊತ್ತಿನಲ್ಲಿ ಸುರಕ್ಷಿತವಾಗಿ ದಾಟಿದ ಗೆರೆಯನ್ನು ಟ್ರ್ಯಾಕ್ ಆಗಿ ಉಳಿಸಿಡಿ. ಫಿಶ್ ಫೈಂಡರ್ ಆಳದ ಸಾಲು ಹೊರಗೆ ಕೊಡುವಂಥದ್ದಾದರೆ ಅದನ್ನೂ ಲ್ಯಾಪ್‌ಟಾಪ್‌ಗೆ ಸೇರಿಸಿ. ಆ ಗೆರೆ ಆ ವಾರದ್ದು ಅಂತ ದಿನಾಂಕ ಬರೆದೇ ಉಳಿಸಿ. ಹಳೆಯದನ್ನು ಅಳಿಸಿ.

ದಕ್ಕೆ ವಯರ್‌ಮ್ಯಾನ್ (ಮಂಗಳೂರು)

ಕಲ್ಲಿನ ಜಾಗಗಳ ಮಾತು ಬಂತಲ್ಲ, ಒಂದು ಎಚ್ಚರಿಕೆ. ತಾಂಡೇಲರ ಹತ್ತಿರ ಎಷ್ಟೋ ವರ್ಷದ ಗುರುತುಗಳಿರುತ್ತವೆ. ಎಲ್ಲಿ ಪಾರೆ, ಎಲ್ಲಿ ಬಲೆ ಹರಿಯಿತು, ಎಲ್ಲಿ ಎಷ್ಟು ಮಾರು ನೀರು ಅಂತ. ಕೆಲವರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರುತ್ತಾರೆ. ಅದು ಆ ಮನೆಯ ಆಸ್ತಿ. ಅದನ್ನು ಲ್ಯಾಪ್‌ಟಾಪ್‌ಗೆ ಏರಿಸುವಾಗ ಅಂಕಿ ಬರೆಯುವ ರೀತಿ ತಪ್ಪಬಾರದು.

ಬೋಟಿನ ಜಿಪಿಎಸ್ ಸಾಮಾನ್ಯವಾಗಿ ಡಿಗ್ರಿ, ಮಿನಿಟು ತೋರಿಸುತ್ತದೆ. ಉದಾಹರಣೆಗೆ 13 ಡಿಗ್ರಿ 38.5 ಮಿನಿಟು. ಫೋನಿನ ಮ್ಯಾಪ್ ತೋರಿಸುವುದು ಬರೀ ಡಿಗ್ರಿ. ಅದೇ ಜಾಗ ಅಲ್ಲಿ 13.6417. ಯಾರಾದರೂ ಅವಸರದಲ್ಲಿ 13.385 ಅಂತ ಹಾಕಿದರೆ? ಗುರುತು 15.4 ನಾಟಿಕಲ್ ಮೈಲು ದಕ್ಷಿಣಕ್ಕೆ ಹೋಗಿಬಿಡುತ್ತದೆ. 28 ಕಿಲೋಮೀಟರಿಗೂ ಹೆಚ್ಚು. ಹೀಗಾದದ್ದು ನಾನು ಬೋಟುಗಳಲ್ಲಿ ಕಂಡಿದ್ದೇನೆ. ಮಿನಿಟನ್ನು 60ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಬೇಕು. ಅಥವಾ ಓಪನ್‌ಸಿಪಿಎನ್‌ನಲ್ಲೇ ಡಿಗ್ರಿ-ಮಿನಿಟು ಆರಿಸಿಕೊಂಡು ಹಾಗೇ ತುಂಬಿ, ಅದು ವಾಸಿ. ಚಿಕ್ಕಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಗುರುತು ನಕ್ಷೆಯಲ್ಲಿ ತೋರಿಸಿ ಕೇಳಿ. ತಪ್ಪಿದ್ದರೆ ಅವರು ತಕ್ಷಣ ಹೇಳುತ್ತಾರೆ.

ಉಪ್ಪುಗಾಳಿ (ಕಾರವಾರ)

ಹೊರಗಿನ ಪರದೆ ಬಗ್ಗೆ ನನ್ನದೂ ಎರಡು ಮಾತು. ನಾವು ಪ್ರವಾಸಿಗರ ಬೋಟು ನಡೆಸುತ್ತೇವೆ, ಟ್ಯಾಬ್ಲೆಟ್ ಹೊರಗೇ ಇಟ್ಟಿದ್ದೇವೆ.

ಮಧ್ಯಾಹ್ನದ ಬಿಸಿಲಿಗೆ ಸಾದಾ ಪರದೆ ಕಾಣುವುದೇ ಇಲ್ಲ. ಲ್ಯಾಪ್‌ಟಾಪ್ ಪರದೆಗಳ ಬೆಳಕು ಸಾಮಾನ್ಯವಾಗಿ 250ರಿಂದ 300 ನಿಟ್, ಬೋಟಿಗೆಂದೇ ಮಾಡಿದ ಪರದೆ 1000ಕ್ಕೂ ಮೇಲೆ. ತಗೊಳ್ಳುವಾಗ ಈ ಅಂಕಿ ಕೇಳಿ. ಸುಮ್ನೆ ದೊಡ್ಡ ಪರದೆ ಅಂತ ತಗೋಬೇಡಿ. ಪೋಲರೈಸ್ಡ್ ಕಪ್ಪು ಕನ್ನಡಕ ಹಾಕುವವರಿದ್ದರೆ ಅಂಗಡಿಯಲ್ಲೇ ಹಾಕಿಕೊಂಡು, ಪರದೆ ಅಡ್ಡ ಉದ್ದ ತಿರುಗಿಸಿ ನೋಡಿ. ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುವುದುಂಟು.

ಬಿಸಿಲಲ್ಲಿ ಟ್ಯಾಬ್ಲೆಟ್ ಕಾದು ತಾನೇ ಬಂದ್ ಆಗುತ್ತದೆ. ಐಪ್ಯಾಡ್‌ಗೆ ಕಂಪನಿ ಹೇಳುವ ಮಿತಿಯೇ 35 ಡಿಗ್ರಿ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಸಾಕಾಗುವುದಿಲ್ಲ. ನೆರಳು ಬೇಕೇ ಬೇಕು. ಹಿಂದೆ ಗಾಳಿ ಆಡಲು ಜಾಗ ಬಿಡಿ, ದಪ್ಪ ಕವರ್ ಹಾಕಬೇಡಿ.

ನೀರಿನ ಹನಿ ಬಿದ್ದರೆ ಟಚ್ ತಾನೇ ಒತ್ತಿದ ಹಾಗಾಗುತ್ತದೆ. ನಕ್ಷೆ ಎಲ್ಲೋ ಹೋಗಿಬಿಡುತ್ತದೆ. ಟಚ್ ಲಾಕ್ ಮಾಡುವ ಆಯ್ಕೆ ಇರುವ ಆ್ಯಪ್ ಒಳ್ಳೆಯದು. ಐಪಿ67 ಅಂತ ಬರೆದಿದ್ದರೆ ನೀರಲ್ಲಿ ಬಿದ್ದರೂ ಒಳಗೆ ಹೋಗುವುದಿಲ್ಲ, ಸರಿ. ಆದರೆ ಚಾರ್ಜ್ ಮಾಡುವ ತೂತಿನಲ್ಲಿ ಉಪ್ಪು ಕೂತು ಪಿನ್ ತುಕ್ಕು ಹಿಡಿಯುವುದನ್ನು ಅದು ತಡೆಯುವುದಿಲ್ಲ. ವಯರ್‌ಲೆಸ್ ಚಾರ್ಜ್ ಇದ್ದರೆ ಆ ತೂತು ಮುಚ್ಚಿಯೇ ಇಡಬಹುದು.

ರಾತ್ರಿಗೆ ಬೇರೆಯೇ ಕಷ್ಟ. ಪರದೆಯ ಬೆಳಕು ನೋಡಿ ತಲೆ ಎತ್ತಿದರೆ ಕೆಲವು ನಿಮಿಷ ಏನೂ ಕಾಣುವುದಿಲ್ಲ. ದೀಪ ಇಲ್ಲದ ನಾಡದೋಣಿ ಎದುರಿಗೆ ಇದ್ದರೆ ಗತಿ ಏನು? ಓಪನ್‌ಸಿಪಿಎನ್‌ನಲ್ಲಿ ರಾತ್ರಿಯ ಬಣ್ಣ ಇದೆ, ಕತ್ತಲಾಗುವ ಮೊದಲೇ ಹಾಕಿಡಿ.

ಮೂರನೇ ಮೇಟ್ (ಸರಕು ಹಡಗು)

ನಾಡದೋಣಿ ವಿಷಯ ಹೇಳಿದ್ದು ಒಳ್ಳೆಯದಾಯಿತು. ಎಐಎಸ್‌ನಲ್ಲಿ ಕಾಣುವುದು ಎಐಎಸ್ ಇಟ್ಟುಕೊಂಡವರು ಮಾತ್ರ. ಪರದೆ ಖಾಲಿ ಅಂದರೆ ಕಡಲು ಖಾಲಿ ಅಂತ ಅಲ್ಲ. ಅದೇ ರೀತಿ ನೀವು ಕೇಳುವ ರಿಸೀವರ್ ಮಾತ್ರ ಇಟ್ಟರೆ ನಿಮಗೆ ನಾವು ಕಾಣುತ್ತೇವೆ, ನಮಗೆ ನೀವು ಕಾಣುವುದಿಲ್ಲ. ಕಳಿಸುವ ಕ್ಲಾಸ್ ಬಿ ಸಾಧನ ಇದ್ದರೆ ಎಷ್ಟೋ ವಾಸಿ. ದೊಡ್ಡ ಹಡಗು ನಿಮ್ಮನ್ನು ತಪ್ಪಿಸಬೇಕಾದರೆ ಬಹಳ ಮೊದಲೇ ಗೊತ್ತಾಗಬೇಕು. 1972ರ ಡಿಕ್ಕಿ ತಡೆ ನಿಯಮಗಳ ಐದನೆಯದು ಕಣ್ಣಿಂದ, ಕಿವಿಯಿಂದ ಕಾವಲು ಇರಲೇಬೇಕು ಅನ್ನುತ್ತದೆ. ಅದು ನಿಮಗೂ ನನಗೂ ಒಂದೇ.

ಜಿಪಿಎಸ್ ಕೂಡ ಕೆಲವು ಕಡೆ ಸುಳ್ಳು ಹೇಳುತ್ತದೆ. ಬಾಲ್ಟಿಕ್, ಕೊಲ್ಲಿ ಪ್ರದೇಶಗಳಲ್ಲಿ ಸಿಗ್ನಲ್ ಕೆಡಿಸುವುದು ಈಗ ನಮ್ಮ ದಿನನಿತ್ಯದ ತಲೆನೋವು. ಹಾಗಾಗಿ ಕಾಣುವ ಗುರುತಿನ ಜೊತೆ ತಾಳೆ ನೋಡುವ ಅಭ್ಯಾಸ ಬಿಡಬಾರದು. ಕಾಪು ದೀಪಸ್ತಂಭ 1901ರಿಂದ ನಿಂತಿದೆ, ಅದರ ದಿಕ್ಕನ್ನು ದಿಕ್ಸೂಚಿಯಿಂದ ನೋಡಿ ನಕ್ಷೆ ಜೊತೆ ಹೋಲಿಸಿ.

ಕೋಡ್‌ಮನೆ (ಬೆಂಗಳೂರು)

ಒಂದು ಸಂದೇಹ. ಬಲೆ ಎಳೆಯುವಾಗ ಬೋಟು ನಿಧಾನ ಇರುತ್ತದಲ್ಲ, ಆಗ ನಕ್ಷೆಯ ಮೇಲಿನ ಬೋಟಿನ ಮೂತಿ ಸರಿಯಾದ ಕಡೆ ತೋರಿಸುತ್ತಾ?

ಹಾಯಿಗಾಳಿ (ನೆದರ್‌ಲ್ಯಾಂಡ್ಸ್)

ಒಳ್ಳೆಯ ಪ್ರಶ್ನೆ. ತೋರಿಸುವುದಿಲ್ಲ. ಜಿಪಿಎಸ್‌ಗೆ ಗೊತ್ತಿರುವುದು ಬೋಟು ಯಾವ ಕಡೆ ಸರಿಯುತ್ತಿದೆ ಅಂತ. ಮೂತಿ ಯಾವ ಕಡೆ ಇದೆ ಅಂತ ಅಲ್ಲ. ನಿಂತಾಗ ಬಾಣ ಸುತ್ತ ತಿರುಗುತ್ತದೆ. ವಿಂಚಿನ ಹತ್ತಿರ ನೋಡುವ ಪರದೆಗೆ ಇದು ಮುಖ್ಯ, ಯಾಕೆಂದರೆ ಆಗ ಬೋಟು ಓಡುತ್ತಿರುವುದಿಲ್ಲ. ಒಂದು ವಿದ್ಯುನ್ಮಾನ ದಿಕ್ಸೂಚಿ ಸಂವೇದಕ ಸೇರಿಸಿದರೆ ಸರಿಯಾಗುತ್ತದೆ. ಅದಿಲ್ಲದಿದ್ದರೆ ಚಿಕ್ಕಪ್ಪನಿಗೆ ಹೇಳಿಡಿ: ಬೋಟಿನ ಜಾಗ ನಂಬಿ, ಬಾಣ ನಂಬಬೇಡಿ.

ದಿಕ್ಸೂಚಿ ಅಂದಾಗ ನೆನಪಾಯಿತು. ಟ್ಯಾಬ್ಲೆಟ್ ಕವರ್‌ಗಳಲ್ಲಿ ಮ್ಯಾಗ್ನೆಟ್ ಇರುತ್ತದೆ, ಸ್ಪೀಕರ್‌ನಲ್ಲೂ ಇರುತ್ತದೆ. ಕ್ಯಾಬಿನ್‌ನ ದಿಕ್ಸೂಚಿ ಪಕ್ಕದಲ್ಲಿ ಅದನ್ನು ಇಟ್ಟರೆ ಮುಳ್ಳು ವಾಲುತ್ತದೆ. ಟ್ಯಾಬ್ಲೆಟ್ ಹತ್ತಿರ ತಂದು ದೂರ ಒಯ್ದು ಮುಳ್ಳು ನೋಡಿ, ಎಲ್ಲಿ ಅಲುಗುವುದಿಲ್ಲವೋ ಅಷ್ಟು ದೂರ ಇಡಿ.

ಪಡುಕಡಲು (ಗಂಗೊಳ್ಳಿ)

ಎಲ್ಲವನ್ನೂ ಚಿಕ್ಕಪ್ಪನಿಗೆ ಓದಿ ಹೇಳಿದೆ. ನೋಟ್‌ಬುಕ್ಕಿನ ಗುರುತು ಏರಿಸುವ ಕೆಲಸ ಅವರೇ ಕೂತು ಶುರು ಮಾಡಿಸಿದ್ದಾರೆ. ಹಳೆ ಜಿಪಿಎಸ್ ಇದ್ದಲ್ಲೇ ಇರುತ್ತದೆ. ಲ್ಯಾಪ್‌ಟಾಪ್ ಒಳಗೆ, ಆಂಡ್ರಾಯ್ಡ್ ಟ್ಯಾಬ್ಲೆಟ್ ವಿಂಚಿನ ಹತ್ತಿರ ನೆರಳಲ್ಲಿ, ಯುಡಿಪಿಯಲ್ಲಿ ಅಂಕಿ ಮಾತ್ರ. ಎಐಎಸ್ ಕಳಿಸುವಂಥದ್ದೇ ತಗೊಳ್ಳುವ ಯೋಚನೆ. ಅವರ ಹೊಸ ಪ್ರಶ್ನೆ ಇಷ್ಟು. ಆ ಗುರುತುಗಳೆಲ್ಲ ಲ್ಯಾಪ್‌ಟಾಪ್ ಜೊತೆ ಹೋಗಿಬಿಟ್ಟರೆ?

ದಕ್ಕೆ ವಯರ್‌ಮ್ಯಾನ್ (ಮಂಗಳೂರು)

ಜಿಪಿಎಕ್ಸ್ (ಗುರುತು, ದಾರಿ ಉಳಿಸುವ ರೂಪ) ಫೈಲ್ ಆಗಿ ಹೊರಗೆ ತೆಗೆದು ಟ್ಯಾಬ್ಲೆಟ್‌ಗೆ ಒಂದು, ಮನೆಯ ಪೆನ್‌ಡ್ರೈವ್‌ಗೆ ಒಂದು ಹಾಕಿ. ಪ್ರತಿ ಸಲ ದಡಕ್ಕೆ ಬಂದಾಗ ಹೊಸದು ಸೇರಿಸಿ. ನೋಟ್‌ಬುಕ್ ಎಸೆಯಬೇಡಿ. ಅದರ ಕೊನೆ ಪುಟದಲ್ಲಿ ದೊಡ್ಡದಾಗಿ ಬರೆದಿಡಿ: ವಿಎಚ್‌ಎಫ್ ಚಾನೆಲ್ 16, ಕೋಸ್ಟ್ ಗಾರ್ಡ್ 1554. ಬೋಟಿನ ಹುಡುಗರಿಗೆಲ್ಲ ಅದು ಎಲ್ಲಿದೆ ಅಂತ ಗೊತ್ತಿರಲಿ. ವಯರಿಂಗ್‌ಗೆ ಜುಲೈ ಕೊನೆ ತನಕ ಕಾಯಬೇಡಿ, ಆಗ ದಕ್ಕೆಯಲ್ಲಿ ಯಾರೂ ಕೈಗೆ ಸಿಗುವುದಿಲ್ಲ.